ಬೆರಳು ತೋರಿಸುವ ಮೊದಲು: ಫ್ರಂಟೆಂಡ್–ಬ್ಯಾಕೆಂಡ್ ತಕರಾರುಗಳಿಗೆ ಉತ್ತರ

ಪ್ರಶ್ನೆ: ಅಡಿಕೆ ಖರೀದಿಯ ಲೆಕ್ಕ ಇಡುವ ವೆಬ್‌ಸೈಟ್ ಮಾಡುತ್ತಿದ್ದೇವೆ. ಫ್ರಂಟೆಂಡ್ (ಬ್ರೌಸರ್‌ನಲ್ಲಿ ಕಾಣುವ ಭಾಗ) ನನ್ನದು, ಬ್ಯಾಕೆಂಡ್ (ಸರ್ವರ್‌ನಲ್ಲಿ ನಡೆಯುವ ಭಾಗ) ನೋಡುವವರು ಮಂಗಳೂರಿನಲ್ಲಿದ್ದಾರೆ. ಅವರ ಎಪಿಐ (ನನ್ನ ಪುಟ ಸರ್ವರ್ ಜೊತೆ ಮಾಹಿತಿ ಕೊಟ್ಟು ತೆಗೆದುಕೊಳ್ಳುವ ದಾರಿ) ಬರುವವರೆಗೆ ನಾನು ಕೈಕಟ್ಟಿ ಕೂರಬೇಕು. ಬಂದ ಮೇಲೆ ನೋಡಿದರೆ ಫೀಲ್ಡ್ (ಮಾಹಿತಿಯ ಒಂದೊಂದು ಅಂಶ) ಹೆಸರುಗಳೇ ಬೇರೆ. ಏನು ಮಾಡಲಿ?
— ಓದುಗರು, ಬದಿಯಡ್ಕ

ಉತ್ತರ: ಕೋಡ್ ಶುರುವಾಗುವ ಮೊದಲೇ ಎಪಿಐ ಹೇಗಿರಬೇಕೆಂಬುದನ್ನು ಇಬ್ಬರೂ ಕೂತು ಓಪನ್‌ಎಪಿಐ ಎಂಬ ನಮೂನೆಯ ಫೈಲಿನಲ್ಲಿ ಬರೆದಿಡಿ. ಹಳಬರು ಇದನ್ನು ಈಗಲೂ ಸ್ವಾಗರ್ ಎನ್ನುತ್ತಾರೆ. ಫೈಲ್ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿರಲಿ, ಇಬ್ಬರೂ ಒಪ್ಪದೆ ಅದರಲ್ಲಿ ಒಂದು ಸಾಲೂ ಬದಲಾಗದಿರಲಿ.

ಖರೀದಿ ಚೀಟಿಯನ್ನೇ ನೋಡಿ. ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂಬ ಅಡಿಕೆ ದರ್ಜೆಗಳ ಹೆಸರುಗಳು ಸರ್ವರ್‌ನಿಂದ ಬರಬಾರದು. ಬರಬೇಕಾದ್ದು ಬದಲಾಗದ ಒಂದು ಕೋಡ್. ನಾಳೆ ಮಲಯಾಳದಲ್ಲೂ ತೋರಿಸಿ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ತೂಕ ಗ್ರಾಂನಲ್ಲಿ, ಹಣ ಪೈಸೆಯಲ್ಲಿ, ಎರಡೂ ಪೂರ್ಣಾಂಕಗಳಾಗಿರಲಿ. 137.4 ಕಿಲೋ ಅಡಿಕೆ, ಕಿಲೋಗೆ 412.50 ರೂಪಾಯಿ ಎಂದಿಟ್ಟುಕೊಳ್ಳಿ: 1,37,400 ಗ್ರಾಂ, 41,250 ಪೈಸೆ, ಗುಣಿಸಿ ಸಾವಿರದಿಂದ ಭಾಗಿಸಿದರೆ 56,67,750 ಪೈಸೆ, ಅಂದರೆ 56,677.50 ರೂಪಾಯಿ. ದಶಮಾಂಶ ಯಾಕೆ ಬೇಡ? ಬ್ರೌಸರ್‌ನ ಭಾಷೆಯಾದ ಜಾವಾಸ್ಕ್ರಿಪ್ಟ್‌ನಲ್ಲಿ 0.1ಕ್ಕೆ 0.2 ಕೂಡಿಸಿ ನೋಡಿ, 0.30000000000000004 ಬರುತ್ತದೆ. ಒಟ್ಟು ಮೊತ್ತದ ಲೆಕ್ಕ, ಪೈಸೆ ಪೂರ್ಣಗೊಳಿಸುವುದು, ಎರಡೂ ಸರ್ವರ್‌ನ ಕೆಲಸ. ಪರದೆ ಅದನ್ನು ತೋರಿಸಿದರೆ ಸಾಕು. ಎರಡೂ ಕಡೆ ಲೆಕ್ಕ ಹಾಕಿದರೆ ಒಂದಲ್ಲ ಒಂದು ದಿನ ಪೈಸೆ ತಾಳೆಯಾಗುವುದಿಲ್ಲ, ರೈತರು ಕೇಳುವುದು ನಿಮ್ಮನ್ನೇ.

ಖರೀದಿ ಇಲ್ಲದ ದಿನ ಏನು ಬರುತ್ತದೆ ಎಂಬುದನ್ನೂ ಬರೆಯಿರಿ. ಖಾಲಿ ಪಟ್ಟಿ ಬಂದರೆ ಸರಿ. ನಲ್ (ಪಟ್ಟಿಯೇ ಇಲ್ಲ ಎಂಬ ಉತ್ತರ) ಬಂದರೆ ಪಟ್ಟಿಯ ಒಂದೊಂದನ್ನೂ ಎತ್ತಿಕೊಳ್ಳುವ, ಅಂದರೆ ಮ್ಯಾಪ್ ಮಾಡುವ, ಸಾಲಿನಲ್ಲಿ ಕೋಡ್ ಮುಗ್ಗರಿಸಿ ಪುಟವೇ ಬಿಳಿಯಾಗುತ್ತದೆ. ಕಳಿಸಿದ ಮಾಹಿತಿ ತಪ್ಪಾದಾಗ ಸರ್ವರ್‌ನಿಂದ 400 ಅಥವಾ 422 ಎಂಬ ತಪ್ಪಿನ ಸಂಕೇತ, ಜೊತೆಗೆ ಯಾವ ಫೀಲ್ಡ್, ಏನು ತಪ್ಪು ಎಂಬ ವಿವರ. ‘ಎಲ್ಲ ಸರಿ’ ಎನ್ನುವ 200 ಕಳಿಸಿ ಒಳಗೆ ‘ಎರರ್’ ಎಂದು ಬರೆಯುವ ಚಾಳಿ ಕೆಲವು ಬ್ಯಾಕೆಂಡ್‌ನವರಿಗಿದೆ. ದಯವಿಟ್ಟು ಬೇಡ.

ಈ ಫೈಲ್ ಸಿಕ್ಕಿದ ದಿನವೇ ನಿಮ್ಮ ಕೆಲಸ ಶುರು. ಪ್ರಿಸಂ ಎಂಬ ಉಪಕರಣಕ್ಕೆ ಅದನ್ನು ಕೊಟ್ಟರೆ ನಿಮ್ಮ ಕಂಪ್ಯೂಟರಿನಲ್ಲೇ ಒಂದು ನಕಲಿ ಸರ್ವರ್ ಓಡುತ್ತದೆ. ಒಳ್ಳೆಯ ಉತ್ತರಗಳನ್ನಷ್ಟೇ ನೋಡಿ ಪರದೆ ಕಟ್ಟಬೇಡಿ, 401 (ಲಾಗಿನ್ ಆಗಿಲ್ಲ), 422, 500 (ಸರ್ವರ್ ಒಳಗಿನ ತಪ್ಪು) ಬಂದಾಗ ಏನಾಗುತ್ತದೆ ಎಂಬುದನ್ನೂ ನೋಡಿಕೊಳ್ಳಿ. ಮುಂದೆ ಫೀಲ್ಡ್ ಹೆಸರು ಬದಲಿಸಲೇಬೇಕಾದರೆ ಬ್ಯಾಕೆಂಡ್‌ನವರು ಹೊಸದನ್ನು ಸೇರಿಸಿ ಹಳೆಯದನ್ನೂ ಉಳಿಸಲಿ. ನಿಮ್ಮ ಹೊಸ ಕೋಡ್ ಲೈವ್ ಆದ ಮೇಲೆ ಹಳೆಯದನ್ನು ತೆಗೆಯಬಹುದು.

ಪ್ರಶ್ನೆ: ಫಾರ್ಮ್‌ನಲ್ಲಿ ಮಾರ್ಚ್ 5 ಆರಿಸಿದರೆ ಡೇಟಾಬೇಸ್‌ನಲ್ಲಿ ಮಾರ್ಚ್ 4 ಇರುತ್ತದೆ. ತಪ್ಪು ಯಾರದು?
— ಓದುಗರು, ಮಂಜೇಶ್ವರ

ಉತ್ತರ: ಇಬ್ಬರದೂ. ಕ್ಯಾಲೆಂಡರ್‌ನಲ್ಲಿ ಆರಿಸಿದ ದಿನ ನಮ್ಮ ಸಮಯದ ಮಧ್ಯರಾತ್ರಿ 12 ಗಂಟೆಯಾಗಿ ನಿಲ್ಲುತ್ತದೆ. ಜಾವಾಸ್ಕ್ರಿಪ್ಟ್‌ನ ಟು-ಐಎಸ್‌ಒ-ಸ್ಟ್ರಿಂಗ್ ಎಂಬ ಆದೇಶ ಅದನ್ನು ಯುಟಿಸಿಗೆ, ಅಂದರೆ ಜಗತ್ತಿನ ಪ್ರಮಾಣ ಸಮಯಕ್ಕೆ, ತಿರುಗಿಸುತ್ತದೆ. ನಾವು ಯುಟಿಸಿಗಿಂತ ಐದೂವರೆ ಗಂಟೆ ಮುಂದಿರುವುದರಿಂದ ಅದು ಮಾರ್ಚ್ 4ರ 18:30 ಆಗುತ್ತದೆ. ಬ್ಯಾಕೆಂಡ್‌ನವರು ಅದರ ಮೊದಲ ಹತ್ತು ಅಕ್ಷರ (ದಿನಾಂಕದ ಭಾಗ) ಮಾತ್ರ ಕತ್ತರಿಸಿಟ್ಟುಕೊಂಡರು, ದಿನ ಹಿಂದೆ ಹೋಯಿತು.

ಬರೀ ದಿನಾಂಕ ಬೇಕಿರುವಲ್ಲಿ ‘2025-03-05’ ಎಂಬ ಪಠ್ಯವನ್ನೇ ಕಳಿಸಿ, ಡೇಟಾಬೇಸ್‌ನಲ್ಲೂ ಸಮಯವಿಲ್ಲದ ಡೇಟ್ ಕಾಲಂ ಇರಲಿ. ಹಣ ಪಾವತಿಯಾದ ಕ್ಷಣದಂಥದ್ದು ಮಾತ್ರ ಯುಟಿಸಿಯಲ್ಲಿ ಹೋಗಿ, ಬ್ರೌಸರ್‌ನಲ್ಲಿ ನಮ್ಮ ಸಮಯಕ್ಕೆ ತಿರುಗಲಿ. ಇದರ ಇನ್ನೊಂದು ರೂಪ ಇನ್ನೂ ಕಳ್ಳ: ‘ಇವತ್ತು’ ಯಾವ ದಿನ ಎಂಬುದನ್ನು ಯುಟಿಸಿಯಿಂದ ತೆಗೆದರೆ ಬೆಳಗ್ಗೆ 5:30ರವರೆಗೆ ಮಾತ್ರ ತಪ್ಪುತ್ತದೆ. ಪರೀಕ್ಷೆ ಮಾಡುವವರು ಆಗ ಮಲಗಿರುತ್ತಾರೆ. ಐದು ಗಂಟೆಗೇ ಹಾಲು ಅಳೆಯುವ ಸೊಸೈಟಿಯಲ್ಲಿ ಮಾತ್ರ ನಿನ್ನೆಯ ಪುಟಕ್ಕೆ ಇವತ್ತಿನ ಹಾಲು ಬೀಳುತ್ತದೆ.

ಪ್ರಶ್ನೆ: ಎಪಿಐ ಪರೀಕ್ಷಿಸುವ ಪೋಸ್ಟ್‌ಮನ್ ಎಂಬ ಉಪಕರಣದಲ್ಲಿ ಎಪಿಐ ಓಡುತ್ತದೆ, ಬ್ರೌಸರ್‌ನಲ್ಲಿ ಕಾರ್ಸ್ ಎರರ್.
— ಓದುಗರು, ಅಕ್ಕಲಕೋಟ

ಉತ್ತರ: ಒಂದು ವಿಳಾಸದ ಪುಟ ಇನ್ನೊಂದು ವಿಳಾಸದ ಸರ್ವರ್‌ನ ಉತ್ತರ ಓದಬಹುದೇ ಎಂದು ನೋಡುವ ಕಾರ್ಸ್ ಕಾವಲು ಬ್ರೌಸರ್‌ನದು, ಪೋಸ್ಟ್‌ಮನ್‌ಗೆ ಅದರ ಹಂಗಿಲ್ಲ. ಪೋರ್ಟ್ 3000 ಮತ್ತು 8080 ಒಂದೇ ಕಂಪ್ಯೂಟರಿನಲ್ಲಿದ್ದರೂ ಬ್ರೌಸರ್‌ಗೆ ಬೇರೆ ಬೇರೆ ಒರಿಜಿನ್ (ಮೂಲ ವಿಳಾಸ). ಉತ್ತರದ ಜೊತೆ ಹೋಗುವ ಅನುಮತಿಯ ಸಾಲು (ಹೆಡರ್) ಹಾಕಬೇಕಾದ್ದು ಬ್ಯಾಕೆಂಡ್. ಕುಕ್ಕಿ ಹೋಗುವುದಿದ್ದರೆ ಅದರಲ್ಲಿ ‘ಯಾರಾದರೂ ಸರಿ’ ಎನ್ನುವ ನಕ್ಷತ್ರ ಚಿಹ್ನೆ ನಡೆಯದು, ನಿಮ್ಮ ವಿಳಾಸವನ್ನೇ ಬರೆಯಬೇಕು. ಬ್ರೌಸರ್ ಅನುಮತಿ ಕೇಳಲು ಮೊದಲು ಕಳಿಸುವ ಆಪ್ಷನ್ಸ್ ಕೋರಿಕೆಯಲ್ಲಿ ಲಾಗಿನ್‌ನ ಗುರುತಾದ ಟೋಕನ್ ಇರುವುದಿಲ್ಲ, ಲಾಗಿನ್ ತಪಾಸಣೆ ಅದನ್ನು ತಡೆದು 401 ಕೊಟ್ಟರೆ ಮುಂದಿನ ಕೋರಿಕೆ ಹೊರಡುವುದೇ ಇಲ್ಲ. ಇಷ್ಟೆಲ್ಲ ಸರಿಯಿದ್ದೂ ಎರರ್ ಬಂದರೆ ಸರ್ವರ್ ಲಾಗ್ ನೋಡಿ: 500 ಆದಾಗ ಕಾರ್ಸ್ ಹೆಡರ್ ಅಂಟದೆ ಹೋಗುವುದುಂಟು, ಬ್ರೌಸರ್ ಆಗಲೂ ಕಾರ್ಸ್ ಎಂದೇ ಕೂಗುತ್ತದೆ.

ಪ್ರಶ್ನೆ: ಊರಿನ ಹೆಸರಿಗೆ 20 ಅಕ್ಷರ ಮಿತಿ ಇಟ್ಟಿದ್ದೇವೆ. ‘ಕಾಸರಗೋಡು’ ಎಂದು ಬರೆದರೆ ಸರ್ವರ್ ಉದ್ದವಾಯಿತು ಎನ್ನುತ್ತದೆ!
— ಓದುಗರು, ಕುಂಬಳೆ

ಉತ್ತರ: ಕಣ್ಣಿಗೆ ಅದು 5 ಅಕ್ಷರ. ಜಾವಾಸ್ಕ್ರಿಪ್ಟ್‌ನಲ್ಲಿ ಉದ್ದ ಎಣಿಸುವ ಲೆಂತ್‌ಗೆ 8, ಗುಣಿತದ ಚಿಹ್ನೆಗಳನ್ನೂ ಅದು ಎಣಿಸುತ್ತದೆ. ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ಯುಟಿಎಫ್-8ರಲ್ಲಿ ಒಂದೊಂದಕ್ಕೆ 3 ಬೈಟ್, ಒಟ್ಟು 24. ಪಿಎಚ್‌ಪಿಯ ಸ್ಟ್ರ್‌ಲೆನ್, ಗೋ ಭಾಷೆಯ ಲೆನ್ ಎಣಿಸುವುದು ಬೈಟ್‌ಗಳನ್ನು. ಎಣಿಕೆ ಕೋಡ್‌ಪಾಯಿಂಟ್‌ಗಳಲ್ಲಿ (ಮೂಲ ಅಕ್ಷರಕ್ಕೆ ಒಂದು, ಚಿಹ್ನೆಗೆ ಒಂದು) ಎಂದು ಇಬ್ಬರೂ ಒಪ್ಪಿ, ಪಿಎಚ್‌ಪಿಯಲ್ಲಿ ಎಂಬಿ-ಸ್ಟ್ರ್‌ಲೆನ್, ಗೋದಲ್ಲಿ ರೂನ್ ಎಣಿಕೆ ಬಳಸಿ. ಮಿತಿಯನ್ನು 60ಕ್ಕಾದರೂ ಏರಿಸಿ.

ಇನ್ನೊಂದಿದೆ. ‘ಗೋ’ದಲ್ಲಿರುವ ಓಕಾರದ ಚಿಹ್ನೆ ಒಂದೇ ಕೋಡ್ ಆಗಿಯೂ ಮೂರು ತುಂಡಾಗಿಯೂ ಬರಬಹುದು. ನೋಡಲು ಒಂದೇ, ಹುಡುಕಿದರೆ ಸಿಗದು. ಉಳಿಸುವಾಗಲೂ ಹುಡುಕುವಾಗಲೂ ಸರ್ವರ್‌ನಲ್ಲಿ ಪಠ್ಯವನ್ನು ಎನ್‌ಎಫ್‌ಸಿ ಎಂಬ ಒಂದೇ ರೂಪಕ್ಕೆ ತನ್ನಿ. ಮಲಯಾಳದ ಚಿಲ್ಲಕ್ಷರಗಳಿಗೆ (ಸ್ವರವಿಲ್ಲದ ವ್ಯಂಜನಗಳಿಗೆ) ಅದೂ ಸಾಲದು. 2008ರ ಯುನಿಕೋಡ್ 5.1ರಲ್ಲಿ ಅವಕ್ಕೆ ಸ್ವಂತ ಕೋಡ್ ಬಂತು, ಅದಕ್ಕೂ ಹಿಂದಿನ ಬರವಣಿಗೆಯಲ್ಲಿ ಮೂಲ ವ್ಯಂಜನ, ಚಂದ್ರಕ್ಕಲ (ಸ್ವರವಿಲ್ಲ ಎನ್ನುವ ಚಿಹ್ನೆ) ಇವುಗಳ ಜೊತೆ ಕಣ್ಣಿಗೆ ಕಾಣದ ಜೋಡಕ ಇರುತ್ತದೆ, ಎನ್‌ಎಫ್‌ಸಿ ಇವೆರಡನ್ನು ಒಂದು ಮಾಡುವುದಿಲ್ಲ. ಆರು ಚಿಲ್ಲುಗಳಿಗೆ ಆರು ಸಾಲಿನ ಬದಲಿ ಪಟ್ಟಿಯನ್ನು ಬ್ಯಾಕೆಂಡ್‌ನವರೇ ಬರೆದುಕೊಳ್ಳಬೇಕು.