ಅಪ್ಪನ ಸೇನಾನಿಗಳು ನನ್ನನ್ನು ಒಪ್ಪುವುದಿಲ್ಲ, ಯುದ್ಧಕ್ಕೆ ಇಳಿಯಲೇ?

(1575ರ ಜೂನ್‌ನಲ್ಲಿ ಜಪಾನಿನ ನಾಗಾಶಿನೊ ಕೋಟೆಗೆ ಮುತ್ತಿಗೆ ಹಾಕಿದ್ದ ಟಕೆಡಾ ಕತ್ಸುಯೋರಿ ಈ ಅಂಕಣಕ್ಕೆ ಬರೆದಿದ್ದರೆ ಎಂದು ಊಹಿಸಿಕೊಂಡ ಪತ್ರ ಮತ್ತು ಉತ್ತರ.)

ಪ್ರಶ್ನೆ: ನಾನು ಟಕೆಡಾ ಶಿಂಗೆನ್ ಅವರ ನಾಲ್ಕನೆಯ ಮಗ. ನನ್ನ ತಾಯಿ, ಅಪ್ಪನೇ ಸೋಲಿಸಿ ಮುಗಿಸಿದ ಸುವಾ ಮನೆತನದವರು. ದೊಡ್ಡಣ್ಣ ಯೊಶಿನೊಬು ಅಪ್ಪನ ವಿರುದ್ಧ ಸಂಚು ಹೂಡಿದನೆಂಬ ಆರೋಪ ಹೊತ್ತು 1567ರಲ್ಲಿ ಸೆರೆಯಲ್ಲೇ ತೀರಿಕೊಂಡ. 1573ರಲ್ಲಿ ಅಪ್ಪನೂ ಹೋದರು. ವಾರಸುದಾರ ನನ್ನ ಮಗ ನೊಬುಕತ್ಸು, ಅವನಿಗೆ ಹದಿನಾರು ತುಂಬುವವರೆಗೆ ನಾನು ಬರೀ ನೋಡಿಕೊಳ್ಳುವವನು ಎಂದು ಹೇಳಿಹೋದರು. ಈಗ ಒಡಾ ನೊಬುನಾಗಾ ಮತ್ತು ಟೊಕುಗಾವಾ ಇಯೆಯಾಸು ಒಟ್ಟಾಗಿ ಬಂದು ಎದುರು ನಿಂತಿದ್ದಾರೆ. ಅಪ್ಪನ ಕಾಲದ ಸೇನಾನಿಗಳು ಹಿಂದಿರುಗೋಣ ಎನ್ನುತ್ತಾರೆ. ಶತ್ರು ದಿಕ್ಕೆಟ್ಟಿದ್ದಾನೆಂದು ನನಗನಿಸುತ್ತದೆ. ಏನು ಮಾಡಲಿ?

ಉತ್ತರ: ಕತ್ಸುಯೋರಿಯವರೇ, ಹಿಂದಿರುಗಿ.

ನಿಮ್ಮ ಸಂಕಟ ಸುಳ್ಳಲ್ಲ. ಅಧಿಕಾರವನ್ನು ಮೊಮ್ಮಗನ ಹೆಸರಿಗೆ ಬರೆದು ಹೊಣೆಯನ್ನು ಮಗನ ತಲೆಗೆ ಕಟ್ಟುವುದು ಯಾವ ನ್ಯಾಯ? ಸಾಲದ್ದಕ್ಕೆ ತಮ್ಮ ಸಾವನ್ನು ಮೂರು ವರ್ಷ ಮುಚ್ಚಿಡಬೇಕೆಂದರಂತೆ. ತಂದೆಗಾಗಿ ಬಹಿರಂಗವಾಗಿ ಅಳುವುದಕ್ಕೂ ನಿಮಗೆ ಅವಕಾಶವಿರಲಿಲ್ಲ. ಶಿಂಗೆನ್ ದೊಡ್ಡ ಯೋಧ, ನಿಜ. ಮನೆಯ ವಿಷಯದಲ್ಲಿ ಅವರು ಬಿಟ್ಟುಹೋದದ್ದು ಸಿಕ್ಕು. ಸತ್ತವರ ಬಗ್ಗೆ ಹೀಗೆ ಹೇಳಬಾರದು ಎನ್ನುವವರು ಈ ಪುಟ ಮಗುಚಲಿ.

ಆದರೆ ಒಂದು ಪ್ರಶ್ನೆಗೆ ಉತ್ತರಿಸಿ. ಅಪ್ಪನಿಗೂ ದಕ್ಕದ ಟಕಟೆಂಜಿನ್ ಕೋಟೆಯನ್ನು ನೀವು ಕಳೆದ ವರ್ಷ ಗೆದ್ದಿರಿ. ಅಂದು ನಿಮ್ಮನ್ನು ಒಪ್ಪದವರು ನಾಳೆ ಇನ್ನೊಂದು ಗೆಲುವು ಕಂಡು ಒಪ್ಪಿಬಿಡುತ್ತಾರೆಯೇ? ಅವರಿಗೆ ನೀವು ಇಂದಿಗೂ ಸುವಾ ಮನೆಯ ಹುಡುಗ. ಆ ಗುರುತನ್ನು ರಣರಂಗ ಅಳಿಸುವುದಿಲ್ಲ.

ಈಗ ಎದುರಿನ ಪಾಳೆಯವನ್ನು ನೋಡಿ. ನಿಮ್ಮ ಕಡೆ ಸುಮಾರು 15,000 ಜನ, ಅವರ ಕಡೆ ಅದರ ಎರಡು ಪಟ್ಟಿಗೂ ಹೆಚ್ಚು. ಅಷ್ಟು ಬಲವಿರುವವರು ಹಳ್ಳದ ಆಚೆ ಮರದ ಬೇಲಿ ನೆಟ್ಟು, ಅದರ ಹಿಂದೆ ಬಂದೂಕು ಹಿಡಿದು ಕಾಯುತ್ತಿದ್ದಾರೆ. ಇದು ದಿಕ್ಕೆಟ್ಟವರ ಲಕ್ಷಣವೇ? ನೀವೇ ಬರಲಿ ಎಂದು ಕರೆಯುತ್ತಿದ್ದಾರೆ.

ಈ ಆಟ ನಿಮಗೆ ಹೊಸದಲ್ಲ. 1573ರ ಜನವರಿಯಲ್ಲಿ ನಿಮ್ಮಪ್ಪ ಹಮಾಮಾತ್ಸು ಕೋಟೆಯನ್ನು ಮುತ್ತದೆ, ಅದರ ಪಕ್ಕದಲ್ಲೇ ದಂಡನ್ನು ನಡೆಸಿಕೊಂಡು ಹೋದರು. ಒಳಗಿದ್ದ ಇಯೆಯಾಸುವಿಗೆ ಆಗ ಹೆಚ್ಚುಕಡಿಮೆ ಈಗಿನ ನಿಮ್ಮದೇ ವಯಸ್ಸು. ಮಾನ ಹೋಯಿತೆಂದು ಕೋಟೆ ಬಿಟ್ಟು ಹೊರಬಂದ, ಮಿಕಾಟಗಾಹಾರಾ ಬಯಲಿನಲ್ಲಿ ಪುಡಿಪುಡಿಯಾದ. ಅಂದು ನೀವೂ ಅಪ್ಪನ ದಂಡಿನಲ್ಲಿದ್ದಿರಿ. ಆ ಪೆಟ್ಟು ತಿಂದ ಮನುಷ್ಯನೇ ಇಂದು ಬೇಲಿಯ ಹಿಂದೆ ಕುಳಿತಿದ್ದಾನೆ. ಅವನು ಪಾಠ ಕಲಿತಿದ್ದಾನೆ, ನೀವು?

ಹಿಂದೆ ಸರಿದರೆ ಅವಮಾನ ಎನ್ನುತ್ತೀರೇನೋ. 1555ರಲ್ಲಿ ಕವಾನಕಾಜಿಮಾದಲ್ಲಿ ನಿಮ್ಮಪ್ಪ ಉಎಸುಗಿ ಕೆನ್‌ಶಿನ್ ಎದುರು ಸುಮಾರು 200 ದಿನ ಬೀಡುಬಿಟ್ಟು, ಕೊನೆಗೆ ಸಂಧಿ ಮಾಡಿಕೊಂಡು ಊರಿಗೆ ಮರಳಿದರು. ಅವರನ್ನು ಯಾರೂ ಹೇಡಿ ಎನ್ನಲಿಲ್ಲ.

ಎತ್ತು ಏರಿಗೆ, ಕೋಣ ನೀರಿಗೆ ಎಂಬಂತೆ ನೀವೊಂದು ಕಡೆ, ಹಿರಿಯರೊಂದು ಕಡೆ ಎಳೆಯುತ್ತಿದ್ದರೆ ದಂಡು ನಡೆಯುವುದಿಲ್ಲ. ಯಾಮಾಗಾಟಾ ಮಸಾಕಾಗೆ, ಬಾಬಾ ನೊಬುಹಾರು ಅವರನ್ನು ಇಂದು ರಾತ್ರಿಯೇ ನಿಮ್ಮ ಡೇರೆಗೆ ಕರೆಸಿ. ಬೇಡ, ನೀವೇ ಅವರ ಡೇರೆಗೆ ಹೋಗಿ. ಹೋಗಬೇಕೇ ಬೇಡವೇ ಎಂಬ ಚರ್ಚೆ ತೆಗೆಯಬೇಡಿ. ಹೇಗೆ ಹೋಗುವುದು ಎಂದಷ್ಟೇ ಕೇಳಿ. ನಿಮ್ಮನ್ನು ಮೆಚ್ಚದಿದ್ದರೂ ದಂಡನ್ನು ಉಳಿಸುವ ಕೆಲಸವನ್ನು ಅವರು ಚೆನ್ನಾಗಿ ಬಲ್ಲರು. ಬೆನ್ನು ಕಾಯುವ ಪಡೆಯನ್ನು ಬಾಬಾ ಅವರಿಗೆ ಒಪ್ಪಿಸಿ. ಕೋಟೆಯೊಳಗಿನ ಐನೂರು ಜನರ ಚಿಂತೆ ಬಿಡಿ, ಕೋಟೆ ಎಲ್ಲಿಗೂ ಓಡುವುದಿಲ್ಲ. ಇದು ಮಳೆಗಾಲ, ಬತ್ತಿ ನೆನೆದರೆ ಬಂದೂಕು ಹಾರದು. ಮಳೆ ಸುರಿಯುತ್ತಿರುವಾಗಲೇ ಹೊರಡಿ.