ಕ್ಯಾನ್ಸರ್ ಔಷಧಿ ಒಮ್ಮೆ ಸಿಕ್ಕ ಮೇಲೆ ಅದರಲ್ಲಿ ಸುಧಾರಿಸೋಕೆ ಇನ್ನೇನು ಉಳಿದಿರುತ್ತೆ?

ತುಂಬಾನೇ ಉಳಿದಿರುತ್ತದೆ. ನಾನು ಔಷಧಿ ಲ್ಯಾಬಿನಲ್ಲಿ ಕೆಮಿಸ್ಟ್, ನಮ್ಮ ಕೆಲಸದಲ್ಲಿ ಮುಕ್ಕಾಲು ಪಾಲು ಇದೇ. ಇಮ್ಯಾಟಿನಿಬ್ ಕಥೆ ಹೇಳುತ್ತೇನೆ, ಗ್ಲಿವೆಕ್ ಅಂದರೆ ನಿಮಗೆ ಗೊತ್ತಿರಬಹುದು.

ಇದು ಸಿಎಂಎಲ್ ಅನ್ನೋ ಒಂದು ಬಗೆಯ ರಕ್ತದ ಕ್ಯಾನ್ಸರ್‌ಗೆ ಕೊಡುವ ಔಷಧಿ. ಈ ರೋಗಿಗಳ ರಕ್ತದಲ್ಲಿ ಒಂದು ಕ್ರೋಮೋಸೋಮ್ ಮೋಟಾಗಿರುವುದು 1960ರಲ್ಲಿ ಫಿಲಡೆಲ್ಫಿಯಾದಲ್ಲಿ ಕಂಡಿತು. 9 ಮತ್ತು 22ನೇ ಕ್ರೋಮೋಸೋಮ್‌ಗಳು ತುಂಡು ಅದಲುಬದಲು ಮಾಡಿಕೊಂಡಿವೆ ಅಂತ 1973ರಲ್ಲಿ ವಿಜ್ಞಾನಿ ಜಾನೆಟ್ ರೌಲಿ ತೋರಿಸಿದರು. ಅದರಿಂದ ಹುಟ್ಟುವ ಬಿಸಿಆರ್-ಎಬಿಎಲ್ ಅನ್ನೋ ಪ್ರೋಟೀನ್ ಜೀವಕೋಶಕ್ಕೆ ‘ಬೆಳೆ, ಬೆಳೆ’ ಅಂತ ಹೇಳುತ್ತಲೇ ಇರುತ್ತದೆ. ಅದು ಕೆಲಸ ಮಾಡಬೇಕಾದರೆ ಎಟಿಪಿ, ಅಂದರೆ ಜೀವಕೋಶಕ್ಕೆ ಶಕ್ತಿ ಕೊಡುವ ಅಣು, ಬೇಕು. ಎಟಿಪಿ ಬಂದು ಕೂರುವ ಜಾಗಕ್ಕೆ, ಬಸ್ ಸೀಟಿಗೆ ಟವೆಲ್ ಹಾಕಿದ ಹಾಗೆ, ಔಷಧಿ ಮೊದಲೇ ಬಂದು ಕೂತರೆ ಆಟ ಮುಗಿಯಿತು.

ಸಿಬಾ-ಗೈಗಿ ಕಂಪನಿಯವರಿಗೆ ಮೊದಲು ಸಿಕ್ಕ ಅಣು ಪಿಕೆಸಿ ಅನ್ನೋ ಬೇರೆಯೇ ಪ್ರೋಟೀನನ್ನು ತಡೆಯುತ್ತಿತ್ತು. ಅದನ್ನು ತಿದ್ದುತ್ತಾ ಬಿಸಿಆರ್-ಎಬಿಎಲ್‌ನ ಎಬಿಎಲ್ ಭಾಗವನ್ನೂ ತಡೆಯುವ ಹಾಗೆ ಮಾಡಿದರು. ಆಮೇಲೆ ಅದಕ್ಕೊಂದು ಮೀಥೈಲ್ ಗುಂಪು ಅಂಟಿಸಿದರು, ಬರೀ ಒಂದು ಇಂಗಾಲ, ಮೂರು ಜಲಜನಕ ಅಷ್ಟೇ. ಪಿಕೆಸಿ ಮೇಲಿನ ಪರಿಣಾಮ ಹೋಯಿತು, ಎಬಿಎಲ್ ಮೇಲಿನದ್ದು ಉಳಿಯಿತು! ಆದರೆ ನೀರಲ್ಲಿ ಸರಿಯಾಗಿ ಕರಗದಿದ್ದರೆ ನುಂಗಿದ್ದು ರಕ್ತಕ್ಕೆ ಸೇರಲ್ಲ ಅಲ್ವಾ? ಅದಕ್ಕೇ ಒಂದು ಪೈಪೆರಜೀನ್ ಉಂಗುರ ಸೇರಿಸಿದರು, ಆಗ ಮಾತ್ರೆ ಮಾಡುವಂತಾಯಿತು. ಅದೇ ಇಮ್ಯಾಟಿನಿಬ್.

1998ರಲ್ಲಿ ವೈದ್ಯ ಬ್ರಯಾನ್ ಡ್ರೂಕರ್ ತಂಡ ಮನುಷ್ಯರ ಮೇಲೆ ಪ್ರಯೋಗ ಶುರು ಮಾಡಿತು. ದಿನಕ್ಕೆ 300 ಮಿಲಿಗ್ರಾಂ ಅಥವಾ ಜಾಸ್ತಿ ತೆಗೆದುಕೊಂಡ, ರೋಗ ಇನ್ನೂ ಮೊದಲ ಹಂತದಲ್ಲಿದ್ದ 54 ಜನರಲ್ಲಿ 53 ಜನರ ರಕ್ತಕಣಗಳ ಎಣಿಕೆ ಸರಿಹೋಯಿತು. 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆಯೂ ಸಿಕ್ಕಿತು.

ಅಷ್ಟರಲ್ಲೇ ಕೆಲವರಿಗೆ ರೋಗ ಮರಳಿತು. ಬಿಸಿಆರ್-ಎಬಿಎಲ್ ಪ್ರೋಟೀನಿನ 315ನೇ ಜಾಗದಲ್ಲಿ ಥ್ರಿಯೋನಿನ್ ಅನ್ನೋ ಅಮೈನೋ ಆಮ್ಲ ಹೋಗಿ ಅದಕ್ಕಿಂತ ದಪ್ಪನೆಯ ಐಸೋಲ್ಯೂಸಿನ್ ಬಂದಿದ್ದರೆ ಔಷಧಿ ಕೂರುವುದೇ ಇಲ್ಲ. ಆಮೇಲೆ ಬಂದ ಡಾಸಾಟಿನಿಬ್, ನಿಲೋಟಿನಿಬ್ ಬೇರೆ ಎಷ್ಟೋ ಬದಲಾವಣೆಗಳನ್ನು ನಿಭಾಯಿಸಿದವು, ಇಲ್ಲಿ ಮಾತ್ರ ಸೋತವು. 2012ರಲ್ಲಿ ಬಂದ ಪೊನಾಟಿನಿಬ್ ಅಣುವಿನ ಮಧ್ಯೆ ಒಂದು ತ್ರಿಬಂಧ, ಅಂದರೆ ಎರಡು ಇಂಗಾಲಗಳನ್ನು ಹಿಡಿದಿಡುವ ಮೂರೆಳೆಯ ಬಂಧ, ಇಟ್ಟಿದ್ದಾರೆ. ಅದು ತೆಳ್ಳಗೆ, ನೆಟ್ಟಗೆ ಇರುವುದರಿಂದ ಐಸೋಲ್ಯೂಸಿನ್ ಪಕ್ಕದಲ್ಲೇ ನುಸುಳುತ್ತದೆ. ನನಗಂತೂ ಇಡೀ ಕಥೆಯಲ್ಲಿ ತುಂಬಾ ಇಷ್ಟವಾದ ಜಾಣತನ ಇದು.

ಆದರೆ ಅದರಿಂದ ರಕ್ತನಾಳಗಳು ಕಟ್ಟಿಕೊಳ್ಳುವ ತೊಂದರೆ ಕಾಣಿಸಿ, 2013ರಲ್ಲಿ ಅಮೆರಿಕದಲ್ಲಿ ಮಾರಾಟ ಕೆಲಕಾಲ ನಿಂತಿತ್ತು. ಈ ಸಲ ಅಣುವನ್ನು ಮುಟ್ಟಲಿಲ್ಲ, ಡೋಸ್ ಮೇಲೆ ಪ್ರಯೋಗ ಮಾಡಿದರು: 45 ಮಿಲಿಗ್ರಾಂನಿಂದ ಶುರು ಮಾಡಿ, ರೋಗ ಹಿಡಿತಕ್ಕೆ ಬಂದ ಮೇಲೆ 15ಕ್ಕೆ ಇಳಿಸುವುದು.