ಏಳು ಜನರ ಆರ್ಕೆಸ್ಟ್ರಾ: ದುಡ್ಡು ಎಲ್ಲಿ ಸೋರಿಹೋಗುತ್ತದೆ?

ಗಣೇಶೋತ್ಸವ, ಆರತಕ್ಷತೆಗಳಲ್ಲಿ ಹಾಡುವ ಏಳು ಜನರ ತಂಡ ನಿಮ್ಮದು. ಕಾರ್ಯಕ್ರಮಗಳಿಗೆ ಬರವಿಲ್ಲ, ಆದರೂ ಕೈಯಲ್ಲಿ ಕಾಸು ನಿಲ್ಲುತ್ತಿಲ್ಲ ಯಾಕೆ ಅಂತ ಕೇಳಿದ್ದೀರಿ. ನನ್ನ ಪ್ರಕಾರ ತಪ್ಪು ಆಗುವುದು ರೇಟು ಹೇಳುವಾಗಲೇ.

"ಸೌಂಡ್ ಸೇರಿ 45,000" ಅಂತ ಫೋನಿನಲ್ಲೇ ಒಪ್ಪಿಕೊಂಡಿರಿ ಅನ್ನೋಣ. ಸೌಂಡು-ಲೈಟಿಗೆ 14,000, ಟಿಟಿ (ಟೆಂಪೊ ಟ್ರಾವೆಲರ್) ಗಾಡಿಗೆ 5,500, ದಾರಿಯ ಊಟ-ಕಾಫಿಗೆ 1,500, ಕಾರ್ಯಕ್ರಮ ಕೊಡಿಸಿದವರ ಕಮಿಷನ್ ನೂರಕ್ಕೆ ಹತ್ತರಂತೆ 4,500. ಉಳಿದದ್ದು 19,500, ತಲೆಗೆ 2,785. ಹಿಂದಿನ ದಿನದ ಪ್ರಾಕ್ಟೀಸು, ಬೆಳಗಿನ ಜಾವ ಮನೆ ಸೇರುವ ಪ್ರಯಾಣ ಸೇರಿಸಿದರೆ ಅದು ಎರಡು ದಿನದ ಕೂಲಿ. ಲೆಕ್ಕ ತಿರುಗಿಸಿ ಹಾಕಿ. ತಲೆಗೆ 4,000 ಬೇಕೆಂದರೆ 28,000, ವಾದ್ಯದ ರಿಪೇರಿಗೆಂದು ತಂಡದ ಡಬ್ಬಿಗೆ 2,000, ಖರ್ಚು 21,000. ಒಟ್ಟು 51,000 ಆಯಿತು. ಕಮಿಷನ್ ಇದರ ಮೇಲಲ್ಲ, ಪೂರ್ತಿ ಮೊತ್ತದ ಮೇಲೆ ಹೋಗುವುದರಿಂದ ಹೇಳಬೇಕಾದ ರೇಟು 57,000ದ ಆಸುಪಾಸು. ಅಷ್ಟು ಕೊಡುವ ಶಕ್ತಿ ಕಾರ್ಯಕ್ರಮ ಮಾಡಿಸುವವರಿಗಿಲ್ಲದಿದ್ದರೆ ಸೌಂಡು ಅವರೇ ಮಾಡಿಸಲಿ, ಇಲ್ಲವೇ ಐದು ಜನರ ತಂಡ ಕಳಿಸಿ. ರೇಟು ಮಾತ್ರ ಇಳಿಸಬೇಡಿ. ಒಂದು ಊರಿನಲ್ಲಿ ಇಳಿಸಿದ ರೇಟು ತಾಲ್ಲೂಕಿಗೆಲ್ಲ ಗೊತ್ತಾಗುತ್ತದೆ.

ಅರ್ಧ ಅಡ್ವಾನ್ಸ್ ಬರುವ ತನಕ ತಾರೀಖು ಬರೆದುಕೊಳ್ಳಬೇಡಿ. ಬಾಕಿಯನ್ನು ಸೌಂಡ್ ಚೆಕ್ ಮುಗಿದ ಕೂಡಲೇ, ಮೊದಲ ಹಾಡಿಗೆ ಮುಂಚೆ ತೆಗೆದುಕೊಳ್ಳಿ. ರಾತ್ರಿ ಮಂಗಳ ಹಾಡಿದ ಮೇಲೆ ಸಮಿತಿಯವರನ್ನು ಹುಡುಕುವುದು ಬಹಳ ಕಷ್ಟ. ತಂಡ ಊರು ಬಿಟ್ಟ ಮೇಲೆ ಮಳೆ ಬಂದು ಕಾರ್ಯಕ್ರಮ ನಿಂತರೆ ಅಡ್ವಾನ್ಸ್ ವಾಪಸ್ಸಿಲ್ಲ ಅಂತ ವಾಟ್ಸಾಪಿನಲ್ಲಾದರೂ ಬರೆದು ಒಪ್ಪಿಸಿಕೊಳ್ಳಿ. ಸಮಯವನ್ನೂ ಬರೆಯಿರಿ: 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ವಿಶೇಷ ಅನುಮತಿ ಇಲ್ಲದಿದ್ದರೆ ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಬೇಕು. ಭಾಷಣ, ಸನ್ಮಾನಗಳು ಒಂಬತ್ತರ ತನಕ ಎಳೆದರೂ ನಿಮ್ಮ ಸಂಭಾವನೆ ಕಡಿಮೆಯಾಗಬಾರದು.

ಆ ರಿಪೇರಿ ಡಬ್ಬಿಯ ಮಾತು ಬಂತಲ್ಲ, ಹಳ್ಳಿಯ ಪೆಂಡಾಲುಗಳಲ್ಲಿ ಕೀಬೋರ್ಡು, ಪ್ಯಾಡು ಸುಡುವುದು ಹೆಚ್ಚಾಗಿ ಸಡಿಲ ನ್ಯೂಟ್ರಲ್‌ನಿಂದ, ಅಂದರೆ ಕರೆಂಟು ವಾಪಸ್ ಹೋಗುವ ತಂತಿ ಸಡಿಲವಾಗಿರುವುದರಿಂದ. ತ್ರೀ ಫೇಸ್ ಲೈನಿನಲ್ಲಿ ನ್ಯೂಟ್ರಲ್ ಕಿತ್ತುಬಂದರೆ 230 ವೋಲ್ಟ್ ಇರಬೇಕಾದಲ್ಲಿ 400ರ ಹತ್ತಿರ ಹೋಗುತ್ತದೆ. ಪ್ಲಗ್ ಹಾಕುವ ಮೊದಲು, ಆಮೇಲೆ ಲೈಟುಗಳೆಲ್ಲ ಹತ್ತಿದಾಗ ಇನ್ನೊಮ್ಮೆ, ಮಲ್ಟಿಮೀಟರ್ ಇಟ್ಟು ವೋಲ್ಟೇಜ್ ನೋಡಿ. ಮೈಕು ತುಟಿಗೆ ತಾಗಿ ಚುರ್ ಎಂದರೆ ಅರ್ಥಿಂಗ್ ಸರಿಯಿಲ್ಲ. ಅದನ್ನು ಸರಿಪಡಿಸದೆ ಯಾರನ್ನೂ ಹಾಡಲು ನಿಲ್ಲಿಸಬೇಡಿ. ಮಿಕ್ಸರ್, ಗಿಟಾರ್ ಆಂಪ್, ಕೀಬೋರ್ಡು ಮೂರಕ್ಕೂ ಸರಿಯಾದ ಅರ್ಥಿಂಗ್ ಇರುವ ಒಂದೇ ಬೋರ್ಡಿನಿಂದ ಕರೆಂಟು ಕೊಡಿ.

ಆಷಾಢ, ಪಿತೃಪಕ್ಷ, ಧನುರ್ಮಾಸದಲ್ಲಿ ಮದುವೆಗಳಿಲ್ಲ. ಆ ವಾರಗಳಿಗೆ ಪಾಠ, ಟ್ರ್ಯಾಕ್ ಮಾಡಿಕೊಡುವುದು, ಸ್ಟುಡಿಯೋ ಕೆಲಸ ಮೊದಲೇ ಗೊತ್ತುಮಾಡಿಕೊಳ್ಳಿ.

ಕಂಪನಿ ಕಾರ್ಯಕ್ರಮದ ಹಣವೆಲ್ಲ ನಾಯಕನ ಪ್ಯಾನ್‌ಗೆ ಬಂದರೆ ಪೂರ್ತಿ ಅವನ ಆದಾಯವೆಂದೇ ಕಾಣುತ್ತದೆ. ಉಳಿದ ಆರು ಜನರಿಗೆ ಬ್ಯಾಂಕ್ ಮೂಲಕವೇ ಕೊಡಿ, ಕಂಪನಿ ಮೊದಲೇ ಹಿಡಿದುಕೊಂಡ ತೆರಿಗೆಯನ್ನು (ಟಿಡಿಎಸ್) ಆದಾಯ ತೆರಿಗೆ ರಿಟರ್ನಿನಲ್ಲಿ ತೋರಿಸಿ. ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಶಾಸ್ತ್ರೀಯ ಮತ್ತು ಜಾನಪದ ಕಲಾವಿದರಿಗೆ ಕಾರ್ಯಕ್ರಮವೊಂದಕ್ಕೆ ಒಂದೂವರೆ ಲಕ್ಷದ ತನಕ ಇರುವ ವಿನಾಯಿತಿ ಸಿನಿಮಾ ಹಾಡಿನ ಆರ್ಕೆಸ್ಟ್ರಾಗೆ ಸಿಗುವುದಿಲ್ಲ.

ಇನ್ನು ತಂಡದಲ್ಲಿ ಯಾರಾದರೂ ಸ್ವಂತ ಹಾಡು ಬರೆದು ರಾಗ ಹಾಕುತ್ತಿದ್ದರೆ ಅವರು ಐಪಿಆರ್‌ಎಸ್ (ಗೀತರಚನೆಕಾರರು, ಸಂಗೀತ ಸಂಯೋಜಕರ ಪರವಾಗಿ ರಾಯಧನ ವಸೂಲಿ ಮಾಡುವ ಸಂಸ್ಥೆ) ಸದಸ್ಯರಾಗಲಿ. 2012ರ ಕೃತಿಸ್ವಾಮ್ಯ ತಿದ್ದುಪಡಿಯ ನಂತರ, ಹಾಡನ್ನು ಸಿನಿಮಾಕ್ಕೆ ಕೊಟ್ಟರೂ ಚಿತ್ರಮಂದಿರದ ಆಚೆಗಿನ ಬಳಕೆಯಿಂದ ಬರುವ ರಾಯಧನದಲ್ಲಿ ಗೀತರಚನೆಕಾರ, ಸಂಗೀತ ಸಂಯೋಜಕರ ಪಾಲನ್ನು ನಿರ್ಮಾಪಕರು ಬರೆಸಿಕೊಳ್ಳುವಂತಿಲ್ಲ. "ಎಲ್ಲ ಹಕ್ಕೂ ಬಿಟ್ಟುಕೊಟ್ಟಿದ್ದೇನೆ" ಎಂಬ ಸಾಲು ಒಪ್ಪಂದದಲ್ಲಿ ಕಂಡರೆ, ಸಹಿ ಹಾಕುವ ಮುಂಚೆ ಇದನ್ನು ಎತ್ತಿ ಕೇಳಿ.